ಅರವತ್ತೊಂದನೇ ಮಗು

ನಾನು ಈ ಶಾಲೆಗೆ ಹಾಜರಾದ ದಿನ ಪಟದ ಮೇಲೆ, ಅಂದರೆ ದಾಖಲಾತಿಯಲ್ಲಿ, 38 ಮಕ್ಕಳಿದ್ದರು, ಬೆಂಚಿನ ಮೇಲೆ 21. ಒಂದನೇ ಇಯತ್ತೆಯಿಂದ (ತರಗತಿಯಿಂದ) ನಾಲ್ಕನೇ ಇಯತ್ತೆಯ ತನಕ ಎಲ್ಲ ಸೇರಿಸಿದ ಲೆಕ್ಕ ಅದು. ಮುಂಬೈಯ ಹಾರ್ಬರ್ ಲೈನಿನ ಹಳಿಗೆ ಆತುಕೊಂಡಂತಿರುವ ಪಾಲಿಕೆಯ ಕಟ್ಟಡ. ಕೆಳಗೆ ಮರಾಠಿ, ನಡುವೆ ಹಿಂದಿ ಮತ್ತು ಉರ್ದು, ಮೂರನೇ ಮಾಳಿಗೆಯ ತುದಿಯ ಎರಡು ಖೋಲಿ ನಮ್ಮವು. ಮಧ್ಯಾಹ್ನದ ಪಾಳಿ. ಲೋಕಲ್ ಬಂದಾಗ ಮಗ್ಗಿ ನಿಲ್ಲಿಸಬೇಕು, ಅದು ದಾಟಿದ ಮೇಲೆ ಮುಂದುವರಿಸಬೇಕು.

ಈ ಮಹಾನಗರಪಾಲಿಕೆ ಎಂಟು ಭಾಷೆಗಳಲ್ಲಿ ಶಾಲೆ ನಡೆಸುತ್ತದೆ, ಅದರಲ್ಲಿ ಕನ್ನಡವೂ ಒಂದು ಎಂದರೆ ಬೆಂಗಳೂರಿನ ನೆಂಟರು ಈಗಲೂ ಹುಬ್ಬೇರಿಸುತ್ತಾರೆ. ನಾನು ಜತ್ತ ತಾಲೂಕಿನವಳು. ಮಹಾರಾಷ್ಟ್ರದ ಕನ್ನಡ ಶಾಲೆಗಳಿಗೆ ಮಾಸ್ತರರು, ಬಾಯಾರು ಹೋಗುವುದು ಬಹಳ ಮಟ್ಟಿಗೆ ನಮ್ಮ ಕಡೆಯಿಂದ ಮತ್ತು ಅಕ್ಕಲಕೋಟೆ ಕಡೆಯಿಂದ. ಬಂದ ಹೊಸದರಲ್ಲಿ ಕಪಾಟಿನ ಹಳೆಯ ರಜಿಸ್ಟರ್ ಬಿಚ್ಚಿ ನೋಡಿದೆ. ಶೆಟ್ಟಿ, ಕೋಟ್ಯಾನ್, ಸಾಲಿಯಾನ್, ಪುಟಗಟ್ಟಲೆ. ಹೋಟೆಲಿನಲ್ಲಿ ದುಡಿದವರ ಮಕ್ಕಳು. ಆ ಮಕ್ಕಳ ಮಕ್ಕಳು ಇವತ್ತು ಇಂಗ್ಲಿಷ್ ಶಾಲೆಯಲ್ಲಿದ್ದಾರೆ. ತಪ್ಪೆನ್ನಲಾರೆ, ನನ್ನ ಮಗನೂ ಅಲ್ಲೇ ಓದಿದ. ಈಗಿನ ರಜಿಸ್ಟರಿನಲ್ಲಿ ರಾಠೋಡ, ಚವ್ಹಾಣ, ದೊಡಮನಿ. ಯಾದಗಿರಿ, ಶಹಾಪುರ, ಸೇಡಂ, ಚಿತ್ತಾಪುರದಿಂದ ಉದ್ಯಾನ್ ಎಕ್ಸ್‌ಪ್ರೆಸ್ ಹಿಡಿದು ಬಂದು ದಿನಗೂಲಿಗೆಂದು ನಾಕಾದಲ್ಲಿ ನಿಲ್ಲುವವರ ಮಕ್ಕಳು.

ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಪ್ರಾಥಮಿಕದಲ್ಲಿ 60 ಮಕ್ಕಳ ತನಕ ಇಬ್ಬರೇ ಶಿಕ್ಷಕರು. 61ನೇ ಮಗು ಬಂದರೆ ಮೂರನೆಯವರು ಸಿಗಬೇಕು. ನಾವಿದ್ದದ್ದು ಇಬ್ಬರು, ನಾನು ಮತ್ತು ಒಬ್ಬ ಗುರುಗಳು. ಒಂದು ಖೋಲಿಯಲ್ಲಿ ಎರಡೆರಡು ಇಯತ್ತೆ. ಒಂದನೆಯವರಿಗೆ ಅಕ್ಷರ ತಿದ್ದಿಸುವಾಗ ಎರಡನೆಯವರು ಕಿಟಕಿಯಲ್ಲಿ ರೈಲು ಎಣಿಸುತ್ತಿದ್ದರು. ಹಾಗಾಗಿ 61 ನನ್ನ ತಲೆಯಲ್ಲಿ ಕೂತುಬಿಟ್ಟಿತು. ಅದೂ ಸೆಪ್ಟೆಂಬರ್ 30ರ ಒಳಗೆ, ಏಕೆಂದರೆ ಸಂಚಮಾನ್ಯತೆಗೆ, ಅಂದರೆ ಶಿಕ್ಷಕರ ಹುದ್ದೆ ಮಂಜೂರು ಮಾಡುವುದಕ್ಕೆ, ಹಿಡಿಯುವುದು ಆ ದಿನದ ಪಟ.

ಇಲ್ಲೇ ನಮ್ಮ ಗ್ರಹಚಾರ. ನಮ್ಮ ಪಾಲಕರ ವರ್ಷ ಜೂನ್‌ನಲ್ಲಿ ಶುರುವಾಗುವುದಿಲ್ಲ. ತೊಗರಿ ರಾಶಿ ಮುಗಿಸಿ ಸಂಕ್ರಾಂತಿಯ ಆಚೀಚೆ ಮುಂಬೈಗೆ ಬರುತ್ತಾರೆ, ಕಾರಹುಣ್ಣಿಮೆಗೆ ಬಿತ್ತನೆಗೆಂದು ಗಂಟುಮೂಟೆ ಕಟ್ಟುತ್ತಾರೆ. ನಾವು ಜೂನ್ 15ರ ಸುಮಾರಿಗೆ ಗುಲಾಬಿ ಹೂ ಹಿಡಿದು ಪ್ರವೇಶೋತ್ಸವ ಮಾಡುವ ಹೊತ್ತಿಗೆ ಮಕ್ಕಳು ವಾಡಿ ಜಂಕ್ಷನ್ ದಾಟಿರುತ್ತಾರೆ. ಈ ಸರಳ ಸಂಗತಿ ನನ್ನ ತಲೆಗೆ ಹೋಗಲು ಪೂರಾ ಒಂದು ವರ್ಷ ಹಿಡಿಯಿತು.

ಅದಕ್ಕೂ ಮುಂಚೆ ನಾನು ಮಾಡಿಕೊಂಡ ಫಜೀತಿ ಹೇಳಬೇಕು. ಪಾಲಕರ ಸಭೆಗೆ ಕರಪತ್ರ ಮಾಡಿಸಿದೆ. ಬರೆದದ್ದೂ ನಾನೇ: ‘ಸಕಲ ಪಾಲಕರು ಬುಧವಾರ ಬೆಳಿಗ್ಗೆ 11 ಗಂಟೆಗೆ ಕಡ್ಡಾಯವಾಗಿ ಹಾಜರಿರತಕ್ಕದ್ದು.’ ನೆತ್ತಿಯ ಮೇಲೆ ಪಾಲಿಕೆಯ ಲಾಂಛನ. ಸಿಪಾಯಿ ಹೋಗಿ ವಸ್ತಿಯ ಗೋಡೆ ಗೋಡೆಗೆ ಅಂಟಿಸಿ ಬಂದ. ಮರುದಿನ ನಾಲ್ಕನೇ ಇಯತ್ತೆಯ ಹುಡುಗಿ ಬರಲಿಲ್ಲ, ಅವಳ ತಮ್ಮನೂ ಇಲ್ಲ, ಅಕ್ಕಪಕ್ಕದವರೂ ಇಲ್ಲ. ಶಾಲೆ ಬಿಟ್ಟ ಮೇಲೆ ಹೋಗಿ ನೋಡಿದರೆ ಅರ್ಧ ಓಣಿ ಮನೆಯ ತಗಡಿನ ಪತ್ರಾ ಬಿಚ್ಚುತ್ತಿದೆ! ಹಂಡೆ, ಟ್ರಂಕು, ಕೌದಿ ಎಲ್ಲ ರಸ್ತೆಗೆ ಬಂದಿವೆ. ಓದು ಬಾರದವರಿಗೆ ನನ್ನ ‘ತಕ್ಕದ್ದು’ ತಿಳಿಯಲಿಲ್ಲ, ಲಾಂಛನ ಮಾತ್ರ ಚೆನ್ನಾಗಿ ತಿಳಿಯಿತು. ಹಿಂದಿನ ಸಲ ಆ ಚಿತ್ರವಿದ್ದ ಕಾಗದ ಗೋಡೆಗೆ ಅಂಟಿದ ಮೂರನೇ ದಿನ ಬುಲ್ಡೋಜರ್ ಬಂದಿತ್ತಂತೆ. ಒಬ್ಬ ಮುದುಕಿ ನನ್ನ ಕೈ ಹಿಡಿದು, ‘ಅಕ್ಕೋರ, ಎಷ್ಟ್ ದಿನ ಟೇಮ್ ಕೊಟ್ಟಾರ್ರಿ?’ ಅಂದಳು. ನಾನು ಎಲ್ಲಿ ಮುಖ ಇಟ್ಟುಕೊಳ್ಳಲಿ? ರಾತ್ರಿ ಹತ್ತರ ತನಕ ಗುರುಗಳೂ ನಾನೂ ನಮ್ಮದೇ ಕರಪತ್ರ ನೀರು ಹಚ್ಚಿ ಕಿತ್ತೆವು.

ಬುಧವಾರದ ಸಭೆಗೆ ನಾಲ್ವರು ಬಂದರು. ಅದರಲ್ಲಿ ಒಬ್ಬಾಕೆ, ‘ಇವತ್ತಿನ ಪಗಾರ ನೀವ್ ಕೊಡ್ತೀರೇನ್ರಿ?’ ಎಂದು ಕೇಳಿ ಉತ್ತರಕ್ಕೆ ಕಾಯದೆ ಸಹಿಯ ಜಾಗದಲ್ಲಿ ಹೆಬ್ಬೆಟ್ಟು ಒತ್ತಿ ಹೋದಳು. ಆ ಹೆಬ್ಬೆಟ್ಟಿನ ಕಥೆ ಮುಂದೆ ಬರುತ್ತದೆ.

ಅಲ್ಲಿಂದ ಕಾಗದ ಬಿಟ್ಟೆ. ಬೆಳಿಗ್ಗೆ ಏಳೂವರೆಗೆ ನಾಕಾಕ್ಕೆ ಹೋಗತೊಡಗಿದೆ. ಮಧ್ಯಾಹ್ನದ ಪಾಳಿಯ ಒಂದೇ ಲಾಭ ಅದು. ನಾಕಾ ಎಂದರೆ ಮೇಲುಸೇತುವೆಯ ಕೆಳಗೆ ಬುಟ್ಟಿ, ಸಲಿಕೆ, ಥಾಪಿ ಹಿಡಿದು ನಿಂತವರ ಸಂತೆ. ಒಂಬತ್ತಕ್ಕೆ ಕೆಲಸ ಸಿಕ್ಕವರು ಹೋಗಿರುತ್ತಾರೆ, ಸಿಗದವರು ಮನೆಗೆ ನಡೆಯುತ್ತಾರೆ. ಮಾತಿಗೆ ಸಿಗುವವರು ಆ ಸಿಗದವರೇ. ಮೊದಲ ವಾರ ನನ್ನನ್ನು ಠೇಕೇದಾರರ (ಗುತ್ತಿಗೆದಾರರ) ಕಡೆಯವಳು ಎಂದುಕೊಂಡು ಇಬ್ಬರು ದರ ಹೇಳಿದರು. ಆಮೇಲೆ ಚಹಾ ಬಂತು, ಚಹಾದ ಜೊತೆ ಮಾತು ಬಂತು. ನಾನು ಶಾಲೆಗೆ ಕಳಿಸಿ ಎಂದು ಹೇಳುವುದನ್ನೇ ನಿಲ್ಲಿಸಿದೆ. ‘ನಿಮ್ಮ ಹುಡುಗ್ರು ಹಗಲೆಲ್ಲಾ ಎಲ್ಲಿರ್ತಾರ?’ ಎಂದು ಮಾತ್ರ ಕೇಳುತ್ತಿದ್ದೆ.

ಉತ್ತರ ಹೆಚ್ಚುಕಡಿಮೆ ಒಂದೇ. ದೊಡ್ಡ ಹುಡುಗಿ ಸಣ್ಣ ಕೂಸು ನೋಡಿಕೊಳ್ಳುತ್ತಾಳೆ. ‘ಆಕಿ ಸಾಲಿಗಿ ಬಂದ್ರ ಕೂಸಿನ್ ಯಾರ್ ನೋಡ್ಬೇಕ್ರಿ, ನೀವಾ?’ ಸಿಡುಕಿ ಆಡಿದ ಮಾತು. ಆದರೆ ನಾನು ಹೂಂ ಅಂದುಬಿಟ್ಟೆ. ಮರುದಿನದಿಂದ ಕಂಕುಳಲ್ಲಿ ಕೂಸು ಎತ್ತಿಕೊಂಡು ಹುಡುಗಿಯರು ಮೂರು ಮಾಳಿಗೆ ಹತ್ತಿ ಬಂದರು. ಖೋಲಿಯ ಮೂಲೆಯಲ್ಲಿ ಚಾದರ, ಅದರ ಮೇಲೆ ಐದಾರು ಕೂಸು, ಎದುರಿಗೆ ಮೂರನೇ ಇಯತ್ತೆಯ ಗಣಿತ. ಗದ್ದಲ ಹೇಳತೀರದು. ತಪಾಸಣೆಗೆ ಬಂದ ಸಾಹೇಬರೊಬ್ಬರು ಪಟದ ಮೇಲೆ ಇಲ್ಲದ ಮಕ್ಕಳನ್ನು ವರ್ಗದಲ್ಲಿ ಕೂರಿಸಿದ್ದಕ್ಕೆ ಲಿಖಿತ ವಿವರಣೆ ಕೇಳಿದರು. ಕೊಟ್ಟೆ. ಅದರ ನಕಲು ಈಗಲೂ ನನ್ನ ಡ್ರಾಯರಿನಲ್ಲಿದೆ. ಮುಂದೆ ತಾಯಂದಿರು ಹನ್ನೆರಡು ಜನ ಸೇರಿ ವಾರ್ಡ್ ಕಚೇರಿಗೆ ಎರಡು ಸಲ ಹೋಗಿ ಕೂತರು. ಕೆಳಗಿನ ಖಾಲಿ ಖೋಲಿಯಲ್ಲಿ ಸಣ್ಣ ಕೂಸುಗಳಿಗೆ ಬಾಲವಾಡಿ ಬಂತು. ನಾನು ಹೋಗಿದ್ದರೆ ಅರ್ಜಿ ಕೊಟ್ಟು ಬರುತ್ತಿದ್ದೆ, ಅಷ್ಟೇ.

ಶಾಲಾ ವ್ಯವಸ್ಥಾಪನ ಸಮಿತಿ ನಮ್ಮಲ್ಲೂ ಇತ್ತು, ರಜಿಸ್ಟರಿನಲ್ಲಿ. ಸದಸ್ಯರಲ್ಲಿ ನೂರಕ್ಕೆ 75ರಷ್ಟು ಪಾಲಕರಿರಬೇಕು, ಒಟ್ಟಿನಲ್ಲಿ ಅರ್ಧ ಹೆಂಗಸರಿರಬೇಕು ಎಂದು ಕಾಯ್ದೆ ಹೇಳುತ್ತದೆ. ಸಿಪಾಯಿ ಮನೆಮನೆಗೆ ಹೋಗಿ ಸಹಿ ತಂದರೆ ಆ ತಿಂಗಳ ಸಭೆ ಮುಗಿಯಿತು. ಹೊಸ ಸಮಿತಿ ಮಾಡುವಾಗ ಸಭೆಯನ್ನು ವಸ್ತಿಯ ಗುಡಿಕಟ್ಟೆಗೆ ಒಯ್ದೆ, ರಾತ್ರಿ ಎಂಟೂವರೆಗೆ, ರೊಟ್ಟಿ ತಟ್ಟಿ ಮುಗಿದ ಮೇಲೆ. ಹೆಬ್ಬೆಟ್ಟು ಒತ್ತಿ ಹೋಗಿದ್ದಳಲ್ಲ, ಅವಳನ್ನೇ ಅಧ್ಯಕ್ಷೆ ಮಾಡಿದರು. ನನಗೆ ಒಳಗೊಳಗೇ ಅಳುಕಿತ್ತು. ಅಕ್ಷರ ಬಾರದವಳು ಏನು ನಡೆಸಿಯಾಳು ಎಂದು.

ಮೂರನೇ ಸಭೆಯಲ್ಲಿ ಹಾಜರಿ ಪುಸ್ತಕ ತೋರಿಸು ಅಂದಳು. ತೋರಿಸಿದೆ. ಹೆಸರು ಓದಲು ಬಾರದು, ಆದರೆ ಗೈರುಹಾಜರಿಗೆ ನಾವು ಹಾಕುವ ಕೆಂಪು ಸೊನ್ನೆ ಕಾಣುತ್ತದಲ್ಲ. ಬೆರಳಿಟ್ಟು ಮೇಲಿನಿಂದ ಕೆಳಗೆ ಇಳಿದಳು, ಬದಿಯ ಸಾಲಿಗೆ ಹೋದಳು, ಮತ್ತೆ ಇಳಿದಳು. ‘ಇದು ಯಾವ್ ವಾರ?’ ಮಂಗಳವಾರ. ‘ಇದು?’ ಶುಕ್ರವಾರ. ಅಷ್ಟು ಹೊತ್ತಿಗೆ ಕಟ್ಟೆಯ ಮೇಲಿದ್ದ ಹೆಂಗಸರೆಲ್ಲ ನಗತೊಡಗಿದ್ದರು. ವಾರಕ್ಕೆರಡು ಸಲ ಟ್ಯಾಂಕರ್ ಬರುವ ದಿನ ಅವು, ಮಧ್ಯಾಹ್ನ ಒಂದರಿಂದ ಮೂರರ ತನಕ. ಕೊಡ ಹಿಡಿದು ಸಾಲಿನಲ್ಲಿ ನಿಲ್ಲುವವರು ನಮ್ಮ ಮೂರನೇ, ನಾಲ್ಕನೇ ಇಯತ್ತೆಯ ಹುಡುಗಿಯರು. ಹದಿನೆಂಟು ವರ್ಷದ ಸರ್ವಿಸಿನಲ್ಲಿ ನಾನು ಹಾಜರಿಯ ಸರಾಸರಿ ತೆಗೆದಿದ್ದೇನೆ, ಶೇಕಡಾವಾರು ತೆಗೆದಿದ್ದೇನೆ, ಒಂದು ದಿನವೂ ಪುಸ್ತಕವನ್ನು ಹಾಗೆ ಉದ್ದುದ್ದ ನೋಡಿರಲಿಲ್ಲ. ಅವರೇ ಪಾಳಿ ಮಾಡಿಕೊಂಡರು: ಕೆಲಸ ಸಿಗದ ಇಬ್ಬರು ಹೆಂಗಸರು ಆ ದಿನ ಹುಡುಗಿಯರ ಕೊಡಗಳನ್ನು ಸಾಲಿನಲ್ಲಿ ಇಟ್ಟು ತುಂಬಿಸುವುದು. ಒಂದೆರಡು ಸಲ ಇದೇ ವಿಷಯಕ್ಕೆ ಜಗಳವೂ ಆಯಿತು. ಆದರೆ ಮಂಗಳವಾರದ ಸೊನ್ನೆಗಳು ಕಡಿಮೆಯಾದವು.

ಭಾಷೆಯ ವಿಷಯಕ್ಕೆ ಬಂದರೆ, ಗಂಡಸರು ಕೇಳುತ್ತಿದ್ದದ್ದು ಒಂದೇ: ಕನ್ನಡ ಕಲಿತು ಮುಂಬೈಯಲ್ಲಿ ಏನು ಮಾಡುವುದು? ಅಭಿಮಾನದ ಭಾಷಣ ಇಲ್ಲಿ ನಡೆಯುವುದಿಲ್ಲ, ಲಂಬಾಣಿ ಮನೆಯ ಮಗುವಿಗೆ ಕನ್ನಡವೂ ಮನೆಮಾತಲ್ಲ. ಮಹಾರಾಷ್ಟ್ರದಲ್ಲಿ 2000ದಿಂದಲೇ ಒಂದನೇ ಇಯತ್ತೆಗೆ ಇಂಗ್ಲಿಷ್ ಇದೆ, ಮರಾಠಿಯಂತೂ ಈಗ ಎಲ್ಲ ಶಾಲೆಯಲ್ಲೂ ಕಡ್ಡಾಯ. ಆದರೆ ಹೇಳಿದರೆ ಯಾರು ನಂಬುತ್ತಾರೆ? ಒಂದು ರಾತ್ರಿ ಕಟ್ಟೆಯ ಮೇಲೆ ನಾಲ್ಕನೆಯ ಹುಡುಗನೊಬ್ಬನನ್ನು ನಿಲ್ಲಿಸಿದೆ. ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿ ಬಾಲಭಾರತಿಯ ಕನ್ನಡ ಪುಸ್ತಕದಿಂದ ಶಿವನೇರಿ ಕೋಟೆಯಲ್ಲಿ ಶಿವಾಜಿ ಮಹಾರಾಜರು ಹುಟ್ಟಿದ ಪಾಠ ಓದಿದ. ಆಮೇಲೆ ಅವನಪ್ಪನ ಜೇಬಿನಿಂದ ಒಂದು ಚೀಟಿ ಬಂತು, ಠೇಕೇದಾರ ಮರಾಠಿಯಲ್ಲಿ ಗೀಚಿಕೊಟ್ಟ ಬಾಕಿ ಲೆಕ್ಕ. ಹುಡುಗ ತಡವರಿಸುತ್ತಾ ಅದನ್ನೂ ಓದಿದ. ಎರಡು ದಿನದ ಹಾಜರಿ ಅದರಲ್ಲಿ ಕಡಿಮೆ ಹಿಡಿದಿತ್ತು. ಆ ವಾರ ಒಂಬತ್ತು ಮಕ್ಕಳು ಹೊಸದಾಗಿ ಬಂದರು. ಪಾಲಿಕೆ ಕೊಡುವ 27 ಉಚಿತ ವಸ್ತುಗಳ ಬಗ್ಗೆ ನಾನು ಎರಡು ವರ್ಷ ಗಂಟಲು ಹರಿದುಕೊಂಡಿದ್ದೆ, ಅದಕ್ಕೆ ಅಷ್ಟು ಜನ ಬಂದಿರಲಿಲ್ಲ.

ಹತ್ತನೆಯ ತನಕ ಕನ್ನಡ ಎಲ್ಲಿದೆ ಎಂಬ ಪ್ರಶ್ನೆಯನ್ನು ಮೊದಮೊದಲು ತೇಲಿಸಿಬಿಡುತ್ತಿದ್ದೆ. ಆಮೇಲೆ ಒಂದು ದಿನ ಐದಾರು ತಾಯಂದಿರನ್ನು ವಡಾಲಾದ ನ್ಯಾಷನಲ್ ಕನ್ನಡ ಎಜುಕೇಶನ್ ಸೊಸೈಟಿಯ ಹೈಸ್ಕೂಲಿಗೆ ಕರೆದುಕೊಂಡು ಹೋಗಿ ತೋರಿಸಿದೆ. ದೂರ ಆಯ್ತು ಅಂದರು. ದೂರವೇ, ಸುಳ್ಳು ಹೇಳಲಿಲ್ಲ.

ಕಾಗದಪತ್ರ ಇಲ್ಲದಿದ್ದರೂ ಪ್ರವೇಶ ನಿಲ್ಲಿಸುವಂತಿಲ್ಲ. ವಯಸ್ಸಿನ ದಾಖಲೆ ಇಲ್ಲ, ಟಿಸಿ ತಡ, ಜೂನ್ ದಾಟಿತು, ಯಾವುದೂ ಕಾರಣವಲ್ಲ. ನಾವು ಜನವರಿಯಲ್ಲೂ ಸೇರಿಸಿಕೊಂಡೆವು. ತೊಡಕು ಬಂದದ್ದು ಕಂಪ್ಯೂಟರಿನಲ್ಲಿ. ಇಲ್ಲಿ ಹೆಸರು ಹತ್ತಬೇಕಾದರೆ ಊರಿನ ಶಾಲೆಯಿಂದ ಇಳಿಯಬೇಕು. ಶಹಾಪುರ ಕಡೆಯ ಒಂದು ಹಳ್ಳಿಗೆ ಫೋನ್ ಮಾಡಿದೆ. ಅಲ್ಲಿಯ ಹೆಡ್‌ಮಾಸ್ತರರು ಶಾಂತವಾಗಿ ಕೇಳಿಸಿಕೊಂಡು ಅಂದರು: ‘ಬಾಯಾರ, ನಿಮಗ ಒಂದ್ ಹೆಚ್ಚಾದ್ರ ನನಗ ಒಂದ್ ಕಡಿಮಿ ಆಗ್ತದಲ್ರಿ. ನಂದೂ 61 ಅದ.’

ಫೋನ್ ಇಟ್ಟ ಮೇಲೆ ಬಹಳ ಹೊತ್ತು ಸುಮ್ಮನೆ ಕೂತೆ. ನಾನು ಬೆಳೆಸುತ್ತಿದ್ದೇನೆ ಎಂದುಕೊಂಡದ್ದು ಒಂದು ಕಡೆಯಿಂದ ಕಿತ್ತು ತಂದದ್ದೂ ಆಗಿರಬಹುದು ಎಂದು ಅವತ್ತಿನ ತನಕ ಹೊಳೆದಿರಲಿಲ್ಲ. ಆರು ತಿಂಗಳು ಅಲ್ಲಿ, ಆರು ತಿಂಗಳು ಇಲ್ಲಿ ಇರುವ ಮಗುವನ್ನು ಅರ್ಧರ್ಧ ಬರೆಯಲು ಯಾವ ರಜಿಸ್ಟರಿನಲ್ಲೂ ಅಂಕಣವಿಲ್ಲ. ಆ ಹುಡುಗನನ್ನು ಅವರ ಪಟದ ಮೇಲೇ ಬಿಟ್ಟೆ. ಇಲ್ಲಿದ್ದಾಗ ಇಲ್ಲಿ ಕೂರುತ್ತಿದ್ದ, ಅಷ್ಟೇ. ಅಂಥವರು ಒಟ್ಟು ಹನ್ನೊಂದು ಜನ. ವರ್ಷವಿಡೀ ಇಲ್ಲೇ ಉಳಿಯುವ ಮನೆಗಳ ಮಕ್ಕಳನ್ನು ಮಾತ್ರ ಲೆಕ್ಕಕ್ಕೆ ಹಿಡಿದೆ.

ಆ ವರ್ಷ ಸೆಪ್ಟೆಂಬರ್ 30ಕ್ಕೆ 58ಕ್ಕೆ ನಿಂತೆವು. ಮೂರು ಕಡಿಮೆ. ಗುರುಗಳು ಆ ಹನ್ನೊಂದು ಹೆಸರುಗಳ ಕಡೆ ನೋಡಿ ನನ್ನ ಕಡೆ ನೋಡಿದರು, ಮಾತಾಡಲಿಲ್ಲ. ಮರುವರ್ಷ ಬಾಲವಾಡಿಯ ಕೂಸುಗಳೇ ಒಂದನೇ ಇಯತ್ತೆಗೆ ಹತ್ತಿ ಬಂದವು, 64 ಆಯಿತು. ಮೂರನೇ ಶಿಕ್ಷಕಿ ಬಂದದ್ದು ಅದರ ಮುಂದಿನ ಜನವರಿಗೆ. ಅಕ್ಕಲಕೋಟೆಯ ಹುಡುಗಿ, ಲೋಕಲಿನ ಸದ್ದಿಗೆ ಇನ್ನೂ ಬೆಚ್ಚಿಬೀಳುತ್ತಾಳೆ.

ಈಗ ಊರಿಗೆ ಹೊರಟ ಮಕ್ಕಳ ಕೈಗೆ ಒಂದೊಂದು ಚೀಟಿ ಕೊಟ್ಟು ಕಳಿಸುತ್ತೇವೆ. ಯಾವ ಪಾಠದ ತನಕ ಆಗಿದೆ, ಏನು ಬರುತ್ತದೆ, ಏನು ಬರುವುದಿಲ್ಲ, ನಮ್ಮ ಫೋನ್ ನಂಬರು. ಅಧ್ಯಕ್ಷೆ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ತಾಯಂದಿರ ಟ್ರಂಕಿನ ತಳಕ್ಕೆ ಇಡಿಸುತ್ತಾಳೆ, ರೇಷನ್ ಕಾರ್ಡಿನ ಜೊತೆ. ಕಳೆದ ಸಲ ಹನ್ನೊಂದು ಚೀಟಿ ಹೋಗಿದ್ದವು, ಸಂಕ್ರಾಂತಿಯ ನಂತರ ಏಳು ವಾಪಸ್ ಬಂದವು. ಶಹಾಪುರದ ಹುಡುಗನ ಚೀಟಿಯ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಎರಡು ಸಾಲು ಇತ್ತು: ‘ಭಾಗಾಕಾರ ಬಂದದ. ಒತ್ತಕ್ಷರ ಇನ್ನೂ ಇಲ್ಲ, ನೀವು ನೋಡ್ರಿ.’