ಇಂಗ್ಲಿಷ್ ಪಾಠದಲ್ಲಿ ನಮ್ಮೂರನ್ನ ಯಾರು ನೋಡ್ತಿದ್ದಾರೆ? ಹೀಗೆ ಚೆಕ್ ಮಾಡಿ

ಪುಸ್ತಕದಲ್ಲಿ ಟಾಮ್, ಮೇರಿ ಹೋಗಿ ರಾಜು, ಫಾತಿಮಾ ಬಂದ್ರೆ ನಮ್ಮ ಸಂಸ್ಕೃತಿ ಬಂದಂಗೆ ಅಂತ ನಾವು ಟೀಚರ್‌ಗಳು ಸುಮಾರು ಜನ ಅಂದ್ಕೊಂಡುಬಿಡ್ತೀವಿ. ಹೆಸರು ಎಣಿಸಿದ್ರೆ ಏನೂ ಗೊತ್ತಾಗಲ್ಲ, ಒಂದೇ ಒಂದು ಪಾಠ ತಗೊಂಡು ಪೆನ್ಸಿಲ್ ಹಿಡ್ಕೊಂಡು ಕೂತ್ಕೊಳ್ಳಿ.

ಸಿಬಿಎಸ್‌ಇ ಹತ್ತನೇ ಕ್ಲಾಸಿಗೆ ಎನ್‌ಸಿಇಆರ್‌ಟಿಯ ಫಸ್ಟ್ ಫ್ಲೈಟ್ ಅನ್ನೋ ಇಂಗ್ಲಿಷ್ ಪುಸ್ತಕ ಇದೆಯಲ್ಲ, ಅದ್ರಲ್ಲಿ ಗ್ಲಿಂಪ್ಸಸ್ ಆಫ್ ಇಂಡಿಯಾ ಅನ್ನೋ ಪಾಠದಲ್ಲಿ ಗೋವಾ, ಅಸ್ಸಾಂ ಜೊತೆ ನಮ್ಮ ಕೊಡಗೂ ಇದೆ. ಮೊದಲು 'ವಿ' (ನಾವು), 'ದೇ' (ಅವರು) ಎರಡಕ್ಕೂ ಸುತ್ತು ಹಾಕಿ. ಗೋವಾದ ಬೇಕರಿಯವನ ಭಾಗದಲ್ಲಿ 'ನಾವು' ತುಂಬ ಸಿಗುತ್ತೆ, ಬೆಳಗ್ಗೆ ಅವನ ಬಿದಿರು ಕೋಲಿನ ಸದ್ದಿಗೆ ಎದ್ದು ಓಡೋ ಮಕ್ಕಳಲ್ಲಿ ಬರೆದವರೂ ಒಬ್ರು. ಕೊಡಗಿನ ಭಾಗ ಟೂರಿಸ್ಟ್ ಕಣ್ಣಿಂದ ಬರೆದದ್ದು, ಕೊನೆಗೆ ಮಡಿಕೇರಿಗೆ ಹೋಗೋ ದಾರಿನೂ ಕೊಟ್ಟಿದ್ದಾರೆ.

ಆಮೇಲೆ ಜನರನ್ನ ವರ್ಣಿಸೋ ಪದಗಳಿಗೆ ಗೆರೆ ಎಳೀರಿ. ಕೊಡಗಿನ ಭಾಗದಲ್ಲಿ ವೀರ ಗಂಡಸರು, ಸುಂದರ ಹೆಂಗಸರು, ಕಾಡುಪ್ರಾಣಿಗಳು, ಮೂರೂ ಒಂದೇ ವಾಕ್ಯದಲ್ಲಿ! ನಂಗೆ ಇದು ನಿಜವಾಗ್ಲೂ ಬೇಜಾರು ತರಿಸುತ್ತೆ, ಯಾಕಂದ್ರೆ ಕ್ಲಾಸಲ್ಲಿ ಕೊಡವರ ಹುಡುಗಿ ಕೂತಿದ್ರೆ ಅವಳು ಆ ಸಾಲನ್ನ ಗಟ್ಟಿಯಾಗಿ ಓದ್ಬೇಕಲ್ಲ.

ಮುಂದೆ, ಪಾಠದಲ್ಲಿರೋ ಒಂದು ವಸ್ತುವನ್ನ ಆ ಊರಿನವರ ಹತ್ರ ಕೇಳಿ. ಕೊಡವರು ಅರಬ್ಬರ ಮೂಲದವರಿರಬಹುದು ಅನ್ನೋ ವಾದಕ್ಕೆ ಪುಸ್ತಕ ಅವರ ಕುಪ್ಯವನ್ನ ಅರಬ್ಬರ ಕುಫಿಯಾಗೆ ಹೋಲಿಸುತ್ತೆ. ಕುಪ್ಯ ಅಂದ್ರೆ ಮೈಮೇಲೆ ಹಾಕೋ ನಿಲುವಂಗಿ, ಸೊಂಟಕ್ಕೆ ಚೇಲೆ ಅನ್ನೋ ಪಟ್ಟಿ ಬಿಗಿದು ಪೀಚೆಕತ್ತಿ ಅನ್ನೋ ಚಿಕ್ಕ ಕತ್ತಿ ಸಿಗಿಸ್ತಾರೆ. ಕುಫಿಯಾ ತಲೆಗೆ ಸುತ್ತೋ ಬಟ್ಟೆ! ಕೊಡವರ ಮನೆಯ ಒಂದು ಮದುವೆ ಫೋಟೋ ತೋರಿಸಿ, ಮಕ್ಕಳೇ ಹೇಳ್ತಾರೆ.

ಇನ್ನು, ಕೊಡಗಿನ ಭಾಗದಲ್ಲಿ ಏನೇನು ಇಲ್ಲ ಅಂತ ನೋಡಿ, ಇದಕ್ಕೆ ಸ್ವಲ್ಪ ಜಾಸ್ತಿ ಟೈಮ್ ಕೊಡಿ. ಬ್ರಿಟಿಷರ ಕಾಲದ ಬಂಗಲೆ ಇದೆ, ಕೊಡವರ ಕುಟುಂಬದ ಮೂಲಮನೆ ಐನ್‌ಮನೆ ಇಲ್ಲ. ಕಾಫಿ ತೋಟ ಇದೆ, ಕಾಫಿ ಕೊಯ್ಯೋರಿಲ್ಲ, ಯರವ ಬುಡಕಟ್ಟಿನವರಿಲ್ಲ, ಅರೆಭಾಷೆ ಮಾತಾಡೋ ಗೌಡರಿಲ್ಲ, ಸುಗ್ಗಿಯ ಪುತ್ತರಿ ಹಬ್ಬಾನೂ ಇಲ್ಲ.

ಇಷ್ಟಾದ್ಮೇಲೆ ಪಾಠ ಬಿಟ್ಟುಬಿಡಿ ಅಂತಲ್ಲ. ಶಾಲೆ ಕಲಿಕೆ ಹೊರಗಿನ ಬದುಕಿಗೆ ಸೇರಬೇಕು ಅಂತ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟೇ ಹೇಳಿದೆ. ಮಕ್ಕಳು ಮನೇಲಿ ಅಜ್ಜಿನೋ ಅಪ್ಪನೋ ಕೇಳ್ಕೊಂಡು ಬಂದು ತಮ್ಮೂರಿನ ಬಗ್ಗೆ 'ನಾವು' ಅಂತ ಶುರುಮಾಡಿ ಎಂಟು ಸಾಲು ಇಂಗ್ಲಿಷಲ್ಲಿ ಬರೀಲಿ. ಕಡಂಬುಟ್ಟು (ಕೊಡಗಿನ ಅಕ್ಕಿ ಕಡುಬು), ರೊಟ್ಟಿ, ಜಾತ್ರೆ ಅನ್ನೋದನ್ನ ಹಾಗೇ ಇಟ್ಟು ಮುಂದೆ ಒಂದು ಸಾಲಲ್ಲಿ ವಿವರಿಸಲಿ, ರೊಟ್ಟಿನ ಬ್ರೆಡ್ ಮಾಡೋದು ಬೇಡ. ಬೋರ್ಡ್ ಎಕ್ಸಾಮಲ್ಲಿ ಮಾತ್ರ ಪ್ರಶ್ನೆ ಪುಸ್ತಕದ ಮೇಲೇ ಬರುತ್ತೆ, ಅದಕ್ಕೆ 'ಪಾಠದ ಪ್ರಕಾರ' ಅಂತ ಶುರುಮಾಡಿ ಉತ್ತರ ಬರೆಯೋದನ್ನೂ ಅದೇ ಪೀರಿಯಡ್‌ನಲ್ಲಿ ಹೇಳ್ಕೊಡಿ.