ಸ್ವೀಡನ್‌ಗೆ ಹೊರಟ ಕೊಡಗಿನವರಿಗೆ: ತೆರಿಗೆ ದರ ನೋಡಿ ಮನೆ ಹಿಡಿಯಿರಿ

ಮಡಿಕೇರಿ, ಗೋಣಿಕೊಪ್ಪ ಕಡೆಯಿಂದ ಸ್ವೀಡನ್‌ಗೆ ಹೊರಟವರು ಮೊದಲು ಕೇಳುವುದು ಇದನ್ನೇ: “ಅಲ್ಲಿ ಟ್ಯಾಕ್ಸ್ ಜಾಸ್ತಿ ಅಲ್ವಾ?” ಜಾಸ್ತಿಯೇ. ಆದರೆ ಆ ದುಡ್ಡು ಯಾರ ಕೈಗೆ ಹೋಗುತ್ತದೆ ಅನ್ನೋದನ್ನು ಮೊದಲು ತಿಳಿದುಕೊಳ್ಳಿ. ಬಾಡಿಗೆ ಮನೆ ಹುಡುಕುವಾಗಲೇ ಅದು ಲೆಕ್ಕಕ್ಕೆ ಬರುತ್ತದೆ.

ನಮ್ಮಲ್ಲಿ ಸಂಬಳದ ತೆರಿಗೆ ದರ ನಿಗದಿಯಾಗುವುದು ದೆಹಲಿಯಲ್ಲಿ. ವಿರಾಜಪೇಟೆಯಲ್ಲಿದ್ದರೂ ಅದೇ, ವಾರಾಣಸಿಯಲ್ಲಿದ್ದರೂ ಅದೇ. ಕೇಂದ್ರ ಸಂಗ್ರಹಿಸಿ ರಾಜ್ಯಗಳ ಜೊತೆ ಹಂಚಿಕೊಳ್ಳುವ ತೆರಿಗೆಯಲ್ಲಿ ಶೇ 41ನ್ನು 15ನೇ ಹಣಕಾಸು ಆಯೋಗ ರಾಜ್ಯಗಳಿಗೆ ಕೊಡಿಸಿತು. ಸೆಸ್, ಸರ್‌ಚಾರ್ಜ್ ಆ ಲೆಕ್ಕದಲ್ಲೇ ಇಲ್ಲ. ಕೃಷಿ ಆದಾಯಕ್ಕೆ ತೆರಿಗೆ ಹಾಕುವ ಅಧಿಕಾರ ರಾಜ್ಯದ್ದು. ಅದರಲ್ಲೂ ತೋಟದವರು ತಾವೇ ಬೆಳೆದ ಕಾಫಿಯನ್ನು ಕ್ಯೂರಿಂಗ್ ಮಾಡಿ ಮಾರಿದರೆ ಆದಾಯದ ಶೇ 25 ಭಾಗ, ಹುರಿದು ಪುಡಿ ಮಾಡಿ ಮಾರಿದರೆ ಶೇ 40 ಭಾಗ ಕೇಂದ್ರದ ಆದಾಯ ತೆರಿಗೆಯ ಲೆಕ್ಕಕ್ಕೆ ಬರುತ್ತದೆ. ಪಂಚಾಯಿತಿ ತಾನೇ ವಸೂಲಿ ಮಾಡುವುದು ಮನೆ ಕಂದಾಯ, ನೀರಿನ ಶುಲ್ಕದಂಥವು.

ನಾವು ಒಕ್ಕೂಟ. ಸ್ವೀಡನ್ ಏಕಾತ್ಮಕ ದೇಶ, ಅಲ್ಲಿ ರಾಜ್ಯಗಳೇ ಇಲ್ಲ. ಹಾಗಾದರೆ ಎಲ್ಲವೂ ಸ್ಟಾಕ್‌ಹೋಮ್‌ನ ಹಿಡಿತದಲ್ಲಿರಬೇಕು ಅನ್ನಿಸುತ್ತದೆ. ಇಲ್ಲ! ಅಲ್ಲಿ 290 ಕೊಮ್ಯೂನ್‌ಗಳಿವೆ, ಅಂದರೆ ಊರಿನ ಸ್ಥಳೀಯ ಆಡಳಿತಗಳು. ಶಾಲೆ, ಶಿಶುವಿಹಾರ, ವೃದ್ಧರ ಆರೈಕೆ ಅವುಗಳ ಹೊಣೆ. ಆಸ್ಪತ್ರೆ ನೋಡಿಕೊಳ್ಳಲು 21 ರೀಜನ್‌ಗಳು, ಅಂದರೆ ಪ್ರಾದೇಶಿಕ ಆಡಳಿತಗಳು. ಆದಾಯ ತೆರಿಗೆ ದರವನ್ನು ಇವೇ ನಿಗದಿ ಮಾಡುತ್ತವೆ. ಎರಡೂ ಸೇರಿ ಸರಾಸರಿ ಸುಮಾರು ಶೇ 32. ಕೇಂದ್ರ ಸರ್ಕಾರದ ಶೇ 20ರ ತೆರಿಗೆ ಬೀಳುವುದು ಹೆಚ್ಚು ಸಂಬಳದವರಿಗೆ ಮಾತ್ರ, ಅದೂ ಮಿತಿ ದಾಟಿದ ಮೊತ್ತಕ್ಕೆ.

ಜರ್ಮನಿ ನಮ್ಮ ಹಾಗೇ ಒಕ್ಕೂಟ. ಆದರೂ ಮ್ಯೂನಿಕ್‌ನಲ್ಲಿರಲಿ, ಬರ್ಲಿನ್‌ನಲ್ಲಿರಲಿ, ಆದಾಯ ತೆರಿಗೆ ದರ ಒಂದೇ. ಬಂದದ್ದರಲ್ಲಿ ಕೇಂದ್ರಕ್ಕೆ ಶೇ 42.5, ರಾಜ್ಯಗಳಿಗೆ ಶೇ 42.5, ಸ್ಥಳೀಯ ಆಡಳಿತಕ್ಕೆ ಶೇ 15. ಹಂಚಿಕೆ ಉದಾರವೇ, ಆದರೆ ಯಾವ ರಾಜ್ಯವೂ ತನ್ನಷ್ಟಕ್ಕೆ ಈ ದರ ಏರಿಸುವಂತಿಲ್ಲ, ಇಳಿಸುವಂತಿಲ್ಲ. ನನ್ನ ಪ್ರಕಾರ ದರ ನಿರ್ಧರಿಸುವವರೇ ನಿಜವಾದ ಯಜಮಾನರು. ಒಕ್ಕೂಟ ಅನ್ನೋ ಹೆಸರು ನೋಡಿ ಸುಮ್ನೆ ತೀರ್ಮಾನಕ್ಕೆ ಬರಬೇಡಿ.

ಬಡ ಕೊಮ್ಯೂನ್‌ಗಳ ಗತಿ? ಅದಕ್ಕೆ ಸಮತೋಲನದ ವ್ಯವಸ್ಥೆ ಇದೆ. ಸ್ಟಾಕ್‌ಹೋಮ್ ಪಕ್ಕದ ಡಾಂಡರಿಡ್‌ನಂಥ ಶ್ರೀಮಂತ ಕೊಮ್ಯೂನ್‌ಗಳು ಅದಕ್ಕೆ ದುಡ್ಡು ಕಟ್ಟುತ್ತವೆ. ಗೊಣಗಾಟವೂ ಇದ್ದದ್ದೇ, ನಮ್ಮ ದಕ್ಷಿಣದ ರಾಜ್ಯಗಳ ಹಾಗೆ.

ಈಗ ನಿಮ್ಮ ಜೇಬಿನ ವಿಷಯ. ತೆರಿಗೆಗೆ ಒಳಪಡುವ ಆದಾಯ ವರ್ಷಕ್ಕೆ 4 ಲಕ್ಷ ಕ್ರೋನಾ ಅಂದುಕೊಳ್ಳಿ. ಶೇ 30ರ ಊರಿಗೂ ಶೇ 34ರ ಊರಿಗೂ 16 ಸಾವಿರ ಕ್ರೋನಾ ವ್ಯತ್ಯಾಸ. ಆದರೆ ದರ ಕಡಿಮೆ ಇರುವ ಊರಲ್ಲಿ ಮನೆ ದುಬಾರಿ ಇರಬಹುದು, ಎರಡನ್ನೂ ಕೂಡಿಸಿ ನೋಡಿ.

ಹಿಂದಿನ ವರ್ಷದ ನವೆಂಬರ್ 1ರಂದು ನಿಮ್ಮ ವಿಳಾಸ ಯಾವ ಕೊಮ್ಯೂನ್‌ನಲ್ಲಿ ನೋಂದಣಿಯಾಗಿತ್ತೋ ಇಡೀ ವರ್ಷ ಅಲ್ಲಿನದೇ ದರ. ರಾಜ್ಯೋತ್ಸವದ ದಿನ, ಮರೆಯುವ ಹಾಗಿಲ್ಲ. 1956ರಲ್ಲಿ ಕೊಡಗು ತನ್ನದೇ ರಾಜ್ಯವಾಗಿದ್ದದ್ದು ಮುಗಿದು ಮೈಸೂರಿಗೆ ಸೇರಿದ್ದೂ ಅಂದೇ. ಮನೆ ಬದಲಿಸುವ ಯೋಚನೆ ಇದ್ದರೆ ಅಕ್ಟೋಬರ್‌ನಲ್ಲೇ ಬದಲಿಸಿ, ವಿಳಾಸವನ್ನು ತೆರಿಗೆ ಇಲಾಖೆಗೆ ತಿಳಿಸಿ. ಅಲ್ಲಿ ಜನರ ನೋಂದಣಿ ನೋಡಿಕೊಳ್ಳುವುದೂ ಅದೇ ಇಲಾಖೆ. ಹೊಸದಾಗಿ ಹೋಗುವವರಿಗೆ ಮೊದಲ ವರ್ಷ ತಾವು ಮೊದಲು ನೆಲೆಸಿದ ಕೊಮ್ಯೂನ್‌ನ ದರ.