ಪ್ಲಾನ್ ಪಕ್ಕಕ್ಕಿಡಿ, ಮೊದಲು ಸೆಕ್ಷನ್ ಬಿಡಿಸಿ: ಕೊಡಗಿನ ಹೊಸ ಆರ್ಕಿಟೆಕ್ಚರ್ ವಿದ್ಯಾರ್ಥಿಗಳಿಗೆ

ಆರ್ಕಿಟೆಕ್ಚರ್ ಮೊದಲ ವರ್ಷಕ್ಕೆ ಸೇರಿ ರಜೆಗೆ ಊರಿಗೆ ಬರುವ ಹುಡುಗ ಹುಡುಗಿಯರು ನನ್ನ ಹತ್ತಿರ ಒಂದೇ ಪ್ರಶ್ನೆ ಕೇಳುತ್ತಾರೆ. ಕಾಲೇಜಿನಲ್ಲಿ ಡಿಸೈನ್ ಮಾಡಿ ಅಂತಾರೆ, ಆದರೆ ಎಲ್ಲಿಂದ ಶುರು ಮಾಡೋದು? ನಾನು ಎಲ್ಲರಿಗೂ ಒಂದೇ ಮಾತು ಹೇಳುತ್ತೇನೆ. ನೀವು ಕೊಡಗಿನವರು, ಸೆಕ್ಷನ್‌ನಿಂದ ಶುರು ಮಾಡಿ.

ಕಿತ್ತಳೆ ಹಣ್ಣನ್ನು ಅಡ್ಡ ಕೊಯ್ದರೆ ಚಕ್ರದ ಹಾಗೆ ಕಾಣುತ್ತೆ. ಮೇಲಿಂದ ಕೆಳಗೆ ಸೀಳಿದರೆ ತೊಳೆ ಉದ್ದಕ್ಕೆ ಕಾಣುತ್ತೆ. ಮನೆಯನ್ನು ಕಿಟಕಿ ಎತ್ತರದಲ್ಲಿ ಅಡ್ಡ ಕೊಯ್ದು ಮೇಲಿಂದ ನೋಡಿದರೆ ಅದು ಪ್ಲಾನ್. ಮಾಡಿನಿಂದ, ಅಂದರೆ ಛಾವಣಿಯಿಂದ, ಪಾಯದವರೆಗೆ ಸೀಳಿ ಪಕ್ಕದಿಂದ ನೋಡಿದರೆ ಅದು ಸೆಕ್ಷನ್. ನಮ್ಮ ಕಡೆ ಮನೆ ಕಟ್ಟುವಾಗ ಕಾಡುವುದು ಎರಡು, ಇಳಿಜಾರು ಮತ್ತು ಮಳೆ. ಎರಡೂ ಪ್ಲಾನ್‌ನಲ್ಲಿ ಸರಿಯಾಗಿ ಕಾಣೋದಿಲ್ಲ. ಮಡಿಕೇರಿಯಲ್ಲಿ ವರ್ಷಕ್ಕೆ 3000 ಮಿಲಿಮೀಟರ್‌ಗಿಂತ ಜಾಸ್ತಿ ಮಳೆ ಸುರಿಯುತ್ತೆ, ಭಾಗಮಂಡಲದ ಕಡೆ ಅದಕ್ಕಿಂತ ಎಷ್ಟೋ ಹೆಚ್ಚು. ಅಷ್ಟು ನೀರು ಎಲ್ಲಿ ಬಿತ್ತು, ಎಲ್ಲಿಗೆ ಹೋಯಿತು ಅನ್ನೋದು ಸೆಕ್ಷನ್‌ನಲ್ಲಿ ಮಾತ್ರ ಗೊತ್ತಾಗುತ್ತೆ.

ನಾನು ಇದನ್ನು ಕಲಿತದ್ದು ಪಕ್ಕದ ಮನೆಯ ಅಜ್ಜಿಯಿಂದ. ಮೊದಲ ವರ್ಷದ ರಜೆಯಲ್ಲಿ ಒಂದು ಪುಟ್ಟ ಮನೆಯ ಮಾಡೆಲ್ ತಂದಿದ್ದೆ, ಒಳ್ಳೆ ಮಾರ್ಕ್ಸ್ ಬಂದಿತ್ತು. ಅಜ್ಜಿ ಅದನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, ಸೂರಿನ ಕೆಳಗೆ ಬೆರಳಿಟ್ಟು ಕೇಳಿದರು. "ಮಳೆ ಈ ಕಡೆಯಿಂದ ಹೊಡೆಯುತ್ತಲ್ಲ ಮಗ, ಸೌದೆ ಎಲ್ಲಿ ಇಡ್ತೀಯ?" ಸೂರು ಗೋಡೆಯಿಂದ ಒಂದಡಿ ಕೂಡ ಮುಂದೆ ಬಂದಿರಲಿಲ್ಲ. ಅವತ್ತು ರಾತ್ರಿ ಕೂತು ಆ ಮನೆಯ ಸೆಕ್ಷನ್ ಮೊದಲ ಸಲ ಸರಿಯಾಗಿ ಬಿಡಿಸಿದೆ.

ಮೊದಲ ಕೆಲಸ, ನಿಮ್ಮ ಮೈ ಅಳೆಯಿರಿ. ನಿಂತಾಗ ಎತ್ತರ, ಕೈ ಎತ್ತಿದರೆ ಎಲ್ಲಿಗೆ ಮುಟ್ಟುತ್ತೆ, ಕೂತಾಗ ನೆಲದಿಂದ ಕಣ್ಣು ಎಷ್ಟು ಮೇಲಿದೆ, ಚಾಚಿದ ಗೇಣು ಎಷ್ಟು, ಸಹಜವಾಗಿ ನಡೆದರೆ ಒಂದು ಹೆಜ್ಜೆ ಎಷ್ಟು. ಇದನ್ನೆಲ್ಲ ಸ್ಕೆಚ್‌ಬುಕ್‌ನ ಮೊದಲ ಪುಟದಲ್ಲಿ ಬರೆದಿಡಿ. ಟೇಪ್ ಇಲ್ಲದ ಕಡೆಯೂ ನಿಮ್ಮ ಗೇಣು, ಹೆಜ್ಜೆ ಕೆಲಸಕ್ಕೆ ಬರುತ್ತೆ. ಬಿಡಿಸುವ ಪ್ರತಿ ಸೆಕ್ಷನ್‌ನಲ್ಲೂ ಒಬ್ಬ ಮನುಷ್ಯನನ್ನು ನಿಲ್ಲಿಸಿ, ಸರಿಯಾದ ಅಳತೆಯಲ್ಲಿ. ಮನುಷ್ಯ ಇಲ್ಲದ ಸೆಕ್ಷನ್‌ನಲ್ಲಿ ಎತ್ತರ ಸರಿಯಿದೆಯಾ ಇಲ್ಲವಾ ಅಂತ ಬಿಡಿಸಿದವರಿಗೂ ತಿಳಿಯೋದಿಲ್ಲ.

ಆಮೇಲೆ ನಿಮ್ಮದೇ ಮನೆಯ ಜಗಲಿ ಅಳೆಯಿರಿ. ಇಬ್ಬರು ಬೇಕು, ತಮ್ಮನೋ ತಂಗಿಯೋ ಸಾಕು. ಮೊದಲು ಅಂದಾಜಿನಲ್ಲಿ ಚಿತ್ರ ಬಿಡಿಸಿ, ಆಮೇಲೆ ಟೇಪ್ ಹಿಡಿಯಿರಿ. ಅಳೆಯುವಾಗ ಟೇಪಿನ ತುದಿಯನ್ನು ಒಂದೇ ಮೂಲೆಗೆ ಹಿಡಿದು ಕಂಬ, ಬಾಗಿಲು, ಕಿಟಕಿ ಎಲ್ಲದರ ಅಳತೆಯನ್ನೂ ಅಲ್ಲಿಂದಲೇ ಓದುತ್ತಾ ಹೋಗಿ. ತುಂಡು ತುಂಡಾಗಿ ಅಳೆದು ಕೂಡಿಸಿದರೆ ಪ್ರತಿ ತುಂಡಿನ ಸಣ್ಣ ತಪ್ಪೂ ಸೇರಿಕೊಂಡು ಕೊನೆಗೆ ಗೋಡೆಯೇ ಉದ್ದ ಆಗಿರುತ್ತೆ. ಗೋಡೆ ದಪ್ಪ ಬೇಕಾದರೆ ಬಾಗಿಲ ಹತ್ತಿರ ಅಳೆಯಿರಿ. ಮೂಲೆ ಸರಿಯಾಗಿ ಚೌಕ ಇದೆಯಾ ನೋಡಲು ಮೇಸ್ತ್ರಿಗಳ ಲೆಕ್ಕ ಇದೆ. ಒಂದು ಗೋಡೆಯ ಮೇಲೆ 3 ಅಡಿಗೆ ಗುರುತು, ಇನ್ನೊಂದರ ಮೇಲೆ 4 ಅಡಿಗೆ ಗುರುತು, ಎರಡರ ನಡುವೆ 5 ಅಡಿ ಬಂದರೆ ಮೂಲೆ ಸರಿ. ಹಳೇ ಮನೆಗಳಲ್ಲಿ ಬರೋದಿಲ್ಲ. ಬರದಿದ್ದರೆ ಓರೆ ಇದ್ದ ಹಾಗೆಯೇ ಬಿಡಿಸಿ, ದಯವಿಟ್ಟು ನೇರ ಮಾಡಬೇಡಿ.

ಇದನ್ನು 1:50ರಲ್ಲಿ ಬಿಡಿಸಿ, ಅಂದರೆ ಒಂದು ಮೀಟರ್‌ಗೆ 2 ಸೆಂಟಿಮೀಟರ್. ಎ3 ಹಾಳೆ ಸಾಕು. ಕತ್ತರಿಸಿದ ಜಾಗ, ಅಂದರೆ ಗೋಡೆ, ನೆಲ, ಹಂಚು ಹೊರುವ ಪಕ್ಕಾಸು, ಹಂಚು, ಇವಕ್ಕೆ ದಪ್ಪ ಗೆರೆ, 2ಬಿ ಪೆನ್ಸಿಲ್. ಹಿಂದೆ ಕಾಣುವುದಕ್ಕೆ ಸಪೂರ ಗೆರೆ, 2ಎಚ್. ಎರಡೂ ಒಂದೇ ದಪ್ಪ ಇದ್ದರೆ ಯಾವುದು ಸೀಳಿದ್ದು ಯಾವುದು ಆಚೆ ಇರೋದು ಅಂತ ನೋಡುವವರಿಗೆ ಅರ್ಥ ಆಗೋದಿಲ್ಲ. ಎಲ್ಲ ಆದ ಮೇಲೆ ನೀಲಿ ಪೆನ್ಸಿಲ್ ತೆಗೆದುಕೊಂಡು ಒಂದು ಮಳೆ ಹನಿಯ ದಾರಿ ಬಿಡಿಸಿ. ಹಂಚಿನ ಮೇಲೆ ಬಿತ್ತು, ಜಾರಿತು, ಸೂರಿನಿಂದ ತೊಟ್ಟಿಕ್ಕಿತು, ಅಂಗಳದಲ್ಲಿ ಹಳ್ಳ ಮಾಡಿತು, ಚರಂಡಿಗೆ ಹೋಯಿತು. ಎಲ್ಲಾದರೂ ಪೆನ್ಸಿಲ್ ನಿಂತು ಮುಂದೆ ಎಲ್ಲಿಗೆ ಅಂತ ತೋಚದಿದ್ದರೆ, ಎದ್ದು ಹೋಗಿ ಆ ಜಾಗ ನೋಡಿ. ಗೋಡೆಯಲ್ಲಿ ಪಾಚಿ ಕಟ್ಟಿದ್ದರೆ ಉತ್ತರ ಅಲ್ಲೇ ಇರುತ್ತೆ.

ಇಷ್ಟಾದ ಮೇಲೆ ಅವಕಾಶ ಸಿಕ್ಕರೆ ಒಂದು ಐನ್‌ಮನೆಗೆ ಹೋಗಿ. ಅದು ಒಂದು ಒಕ್ಕದ, ಅಂದರೆ ಕೊಡವ ಮನೆತನದ, ಹಿರಿಯರ ಮನೆ, ಟೂರಿಸ್ಟ್ ಜಾಗ ಅಲ್ಲ. ಮೊದಲೇ ಕೇಳಿಕೊಂಡು ಹೋಗಿ, ಚಪ್ಪಲಿ ಹೊರಗೆ ಬಿಡಿ, ಹಿರಿಯರಿಗೆ ಮೀಸಲಾದ ಕೋಣೆ ಕನ್ನಿ ಕೊಂಬರೆಗೆ ಕರೆಯದೆ ಕಾಲಿಡಬೇಡಿ, ಟೇಪ್ ಬೇಡ ಅಂದರೆ ಬೇಡ. ಹೊರಗಿನ ಜಗಲಿ, ಕಯ್ಯಾಲೆಯಲ್ಲಿ ಕೂರಲು ಬಿಟ್ಟರೂ ಸಾಕು, ಕಲಿಯೋದಕ್ಕೆ ಬೇಕಾದಷ್ಟಿದೆ. ಕಂಬಗಳ ನಡುವೆ ಹಾಸಿದ ಹಲಗೆ ಇರುತ್ತಲ್ಲ, ಐಮರ, ಅದರ ಮೇಲೆ ಕೂತು ಸುಮ್ನೆ ಗಮನಿಸಿ. ಪಾದ ನೆಲಕ್ಕೆ ಹೇಗೆ ತಾಗುತ್ತೆ, ಬೆನ್ನು ಎಲ್ಲಿ ಒರಗುತ್ತೆ, ಸೂರು ಎಷ್ಟು ತಗ್ಗಿ ಬಂದು ಆಕಾಶ ಮುಚ್ಚಿದೆ, ಆದರೂ ಗದ್ದೆ ಕಡೆಯಿಂದ ಬರುವವರು ಹೇಗೆ ಕಾಣುತ್ತಾರೆ. ಹಲಗೆಯ ಅಂಚಿಗೆ ಕೈ ಇಡಿ, ಎಷ್ಟೋ ತಲೆಮಾರು ಕೂತು ಎದ್ದು ನುಣುಪಾಗಿರುತ್ತೆ. ಬಾಗಿಲ ಒಳಗೆ ಬೆಳಕು ಹೇಗೆ ಕಮ್ಮಿ ಆಗುತ್ತಾ ಹೋಗುತ್ತೆ, ನಡುವೆ ಅಂಗಳ ಇದ್ದರೆ ಅಲ್ಲಿ ಮತ್ತೆ ಹೇಗೆ ಬೀಳುತ್ತೆ ನೋಡಿ. ಆ ಅಂಗಳದ ಮಧ್ಯೆ ಸೀಳಿದ ಸೆಕ್ಷನ್ ಒಂದನ್ನು ಬಿಡಿಸಿದರೆ ಮಾಡಿನ ಇಳಿಜಾರು, ಬೆಳಕು, ನೀರು, ಮನುಷ್ಯರು ಕೂರುವ ಜಾಗ ಎಲ್ಲ ಒಂದೇ ಹಾಳೆಯಲ್ಲಿ ಬರುತ್ತೆ. ನನಗೆ ಗೊತ್ತಿರುವ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಪಾಠ ಕೊಡಗಿನಲ್ಲಿಲ್ಲ.

ಮಡಿಕೇರಿಯಲ್ಲೇ ಇರುವವರಿಗೆ ಓಂಕಾರೇಶ್ವರ ದೇವಸ್ಥಾನ ಇದೆ, 1820ರಲ್ಲಿ ಲಿಂಗರಾಜೇಂದ್ರ ಕಟ್ಟಿಸಿದ್ದು, ಗುಮ್ಮಟವೂ ಇದೆ, ಮುಂದೆ ಕೊಳವೂ ಇದೆ. ರಾಜರ ಸಮಾಧಿಗಳಿರುವ ಗದ್ದಿಗೆ ಇದೆ, ಕೋಟೆ ಇದೆ. ಕಕ್ಕಬ್ಬೆ ಕಡೆಯವರಿಗೆ ದೊಡ್ಡ ವೀರರಾಜೇಂದ್ರನ ನಾಲ್ಕುನಾಡು ಅರಮನೆ. ವಾರಕ್ಕೊಂದು ಜಾಗಕ್ಕೆ ಹೋಗಿ, ಒಂದು ಗಂಟೆ ಕೂತು, ಪೆನ್ನಿನಲ್ಲಿ ಬಿಡಿಸಿ. ರಬ್ಬರ್ ಬೇಡ.

ಈಗ ಮಾಡೆಲ್. ಮೊದಲ ಮಾಡೆಲ್ ಮನೆಯದ್ದಲ್ಲ, ನೆಲದ್ದು. ಇಳಿಜಾರಿನಲ್ಲಿರುವ ಒಂದು ಸಣ್ಣ ಜಾಗ ಆರಿಸಿ, ತೋಟದ ಮೂಲೆಯಾದರೂ ಸರಿ. ಏರಿಳಿತ ಅಳೆಯಲು ಮೇಸ್ತ್ರಿಗಳು ಬಳಸುವ ನೀರು ತುಂಬಿದ ಪಾರದರ್ಶಕ ಪೈಪು ಸಾಕು. ಎರಡು ತುದಿಯಲ್ಲೂ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತೆ, ಒಳಗೆ ಗಾಳಿಗುಳ್ಳೆ ಇರಬಾರದು ಅಷ್ಟೆ. ಎರಡು ಕಡೆ ಕೋಲು ನಿಲ್ಲಿಸಿ ನೀರಿನ ಮಟ್ಟದಿಂದ ನೆಲದವರೆಗೆ ಅಳೆದರೆ ವ್ಯತ್ಯಾಸ ಸಿಗುತ್ತೆ. ಅರ್ಧ ಅರ್ಧ ಮೀಟರ್‌ಗೆ ಒಂದು ಕಾಂಟೂರ್ ಗೆರೆ, ಅಂದರೆ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ, ಎಳೆಯಿರಿ. ಮಾಡೆಲ್‌ಗೆ ಬಳಸುವ ಹಗುರ ಫೋಮ್ ಹಲಗೆ, 5 ಮಿಲಿಮೀಟರ್ ಸನ್‌ಬೋರ್ಡ್ ಆದರೆ 1:100ರಲ್ಲಿ ಒಂದು ಪದರ ಅಂದರೆ ಸರಿಯಾಗಿ ಅರ್ಧ ಮೀಟರ್. ದುಡ್ಡು ಖರ್ಚು ಮಾಡೋದು ಬೇಡ ಅಂದರೆ ಅಂಗಡಿಯ ರಟ್ಟಿನ ಡಬ್ಬಿ ತನ್ನಿ, ದಪ್ಪ ಅಳೆದು, ಬೇಕಾದರೆ ಎರಡು ಪದರ ಅಂಟಿಸಿ.

ಪದರ ಜೋಡಿಸಿದ ಮೇಲೆ ಅಂಟಿಸಬೇಡಿ, ಗುಂಡುಪಿನ್ ಚುಚ್ಚಿ. ಈಗ ಅದರ ಮೇಲೆ 10 ಮೀಟರ್‌ಗೆ 8 ಮೀಟರ್‌ನ ಸಮತಟ್ಟು ಜಾಗ ಮಾಡಿ ನೋಡಿ. ಕತ್ತರಿಸಿ ತೆಗೆದ ತುಂಡುಗಳನ್ನು ಬಿಸಾಡದೆ ತಟ್ಟೆಯಲ್ಲಿ ಹಾಕಿ. ಅದು ನೀವು ಗುಡ್ಡದಿಂದ ತೆಗೆದ ಮಣ್ಣು. ಅಷ್ಟಗಲದ ಒಂದು ಪೂರ್ತಿ ಪದರ ಅಂದರೆ 40 ಘನ ಮೀಟರ್. ಅದು ಎಷ್ಟು ಲೋಡ್ ಆಗುತ್ತೆ ಅಂತ ಊರಿನ ಯಾವ ಟಿಪ್ಪರ್ ಡ್ರೈವರ್‌ನ ಬೇಕಾದರೂ ಕೇಳಿ. ಆ ಮಣ್ಣು ಎಲ್ಲಿಗೆ ಹಾಕ್ತೀರಿ? ಹಿಂದೆ ನೆಟ್ಟಗೆ ನಿಂತ ಬರೆಯನ್ನು, ಅಂದರೆ ಕಡಿದ ಗುಡ್ಡದ ಮಣ್ಣಿನ ಗೋಡೆಯನ್ನು, ಏನು ಹಿಡಿದುಕೊಳ್ಳುತ್ತೆ? 2018ರ ಆಗಸ್ಟ್‌ನಲ್ಲಿ ಕೊಡಗಿನ ಗುಡ್ಡ ಕುಸಿದದ್ದನ್ನು ನೋಡಿದವರಿಗೆ ಈ ಪ್ರಶ್ನೆ ಬಿಡಿಸಿ ಹೇಳಬೇಕಾಗಿಲ್ಲ, ಬರೆ ಕುಸಿತ ಅಂದರೆ ಏನು ಅಂತ ನಮ್ಮ ಮಕ್ಕಳಿಗೂ ಗೊತ್ತು. ಅದಕ್ಕೇ ಆ ತಟ್ಟೆಯನ್ನು ಮಾಡೆಲ್ ಜೊತೆಗೇ ಇಡಿ, ಕಾಲೇಜಿನಲ್ಲಿ ಕೆಲಸ ತೋರಿಸಿ ಪ್ರಶ್ನೆಗೆ ಉತ್ತರ ಕೊಡುವ ಜ್ಯೂರಿಗೂ ತೆಗೆದುಕೊಂಡು ಹೋಗಿ. ಆಮೇಲೆ ಅದೇ ಮನೆಯನ್ನು ಎರಡು ಮೂರು ಮಟ್ಟವಾಗಿ ಒಡೆದು, ಗುಡ್ಡದ ಜೊತೆಗೆ ಇಳಿಯುವ ಹಾಗೆ ಮಾಡಿ. ತಟ್ಟೆಯಲ್ಲಿ ತುಂಡು ಎಷ್ಟು ಕಮ್ಮಿ ಆಯಿತು ನೋಡಿ. ಮೆಟ್ಟಿಲಿಗೆ ಜಾಗ ಬಿಡೋದು ಮರೆಯಬೇಡಿ. 15 ಸೆಂಟಿಮೀಟರ್ ಎತ್ತರದ ಮೆಟ್ಟಿಲಾದರೆ 3 ಮೀಟರ್ ಏರಲು 20 ಏರು ಬೇಕು, ತುಳಿಯುವ ಜಾಗ 30 ಸೆಂಟಿಮೀಟರ್ ಅಂದರೆ ಸುಮಾರು 5.7 ಮೀಟರ್ ಉದ್ದ ಅದಕ್ಕೇ ಹೋಗುತ್ತೆ.

ಬೆಳಕು ನೋಡಲು ಮಾಡೆಲ್ ಅನ್ನು ಉತ್ತರಕ್ಕೆ ಸರಿ ಮಾಡಿ ಅಂಗಳದ ಬಿಸಿಲಲ್ಲಿ ಇಡಿ. ಮಡಿಕೇರಿಯಲ್ಲಿ ಡಿಸೆಂಬರ್ ಕೊನೆಗೆ ನಡುಮಧ್ಯಾಹ್ನದ ಸೂರ್ಯ ದಕ್ಷಿಣದಲ್ಲಿ ಸುಮಾರು 54 ಡಿಗ್ರಿ ಎತ್ತರದಲ್ಲಿರುತ್ತಾನೆ. ಜೂನ್‌ನಲ್ಲಿ ನೆತ್ತಿಯಿಂದ ಸ್ವಲ್ಪ ಉತ್ತರಕ್ಕೆ ವಾಲಿರುತ್ತಾನೆ, ಆದರೆ ಆಗ ಮೋಡ ಬಿಡಬೇಕಲ್ಲ. ಬಿಸಿಲು ಇಲ್ಲದಿದ್ದರೆ ಕತ್ತಲೆ ಕೋಣೆಯಲ್ಲಿ ಸೂರ್ಯನ ಬದಲು ಟಾರ್ಚ್ ಹಿಡಿಯಿರಿ.

ಕೊನೆಗೆ ಡಿಸೈನ್. ದೊಡ್ಡದು ಬೇಡ, ನಿಮ್ಮೂರಿಗೆ ಒಂದು ಬಸ್ ತಂಗುದಾಣ. ಎಂಟು ಜನ ಕೂರಬೇಕು, ಸ್ಕೂಲ್ ಮಕ್ಕಳು ಬ್ಯಾಗ್ ಇಡಬೇಕು, ಜುಲೈ ತಿಂಗಳಲ್ಲಿ ನೆನೆಯಬಾರದು, ಬಸ್ ಬರೋದು ಕೂತಲ್ಲಿಂದಲೇ ಕಾಣಬೇಕು. ಗಾಳಿ ಮಳೆ 45 ಡಿಗ್ರಿ ಓರೆಯಲ್ಲಿ ಬರುತ್ತೆ ಅಂತ ಇಟ್ಟುಕೊಳ್ಳಿ, ಲೆಕ್ಕ ಸುಲಭ. ಸೂರು 2.7 ಮೀಟರ್ ಎತ್ತರದಲ್ಲಿದ್ದರೆ, 45 ಸೆಂಟಿಮೀಟರ್ ಎತ್ತರದ ಬೆಂಚಿನ ಮಟ್ಟಕ್ಕೆ ಬರುವ ಹೊತ್ತಿಗೆ ಹನಿ 2.25 ಮೀಟರ್ ಒಳಗೆ ಬಂದಿರುತ್ತೆ. ಸೂರನ್ನು 2.1ಕ್ಕೆ ಇಳಿಸಿದರೆ 1.65 ಮೀಟರ್. ಬರೀ ಸೂರು ತಗ್ಗಿಸಿದ್ದಕ್ಕೆ ಎರಡಡಿ ಒಣ ಜಾಗ ಸಿಕ್ಕಿತು. ಹಾಗಂತ ಇನ್ನೂ ತಗ್ಗಿಸಿದರೆ ತಲೆ ತಾಗುತ್ತೆ, ಬಸ್ಸೂ ಕಾಣೋದಿಲ್ಲ. ಮಾಡನ್ನು ಮುಂದಕ್ಕೆ ಇಳಿಸಿದರೆ ಒಳಗೆ ಒಣಗಿರುತ್ತೆ, ಆದರೆ ಬಸ್ ಹತ್ತುವವರ ತಲೆ ಮೇಲೇ ನೀರು ಸುರಿಯುತ್ತೆ, ನೀರು ಹಿಡಿಯಲು ಸೂರಿನ ಅಂಚಿಗೆ ದಂಬೆ ಹಾಕಬೇಕು. ಹಿಂದಕ್ಕೆ ಇಳಿಸಿದರೆ ನೀರು ಹಿಂದೆ ಹೋಗುತ್ತೆ, ಆದರೆ ಮುಂದಿನ ಸೂರು ಮೇಲೆದ್ದು ಮಳೆ ಒಳಗೆ ನುಗ್ಗುತ್ತೆ. ಮುಂಗಾರಿನ ಗಾಳಿ ಪಶ್ಚಿಮ, ನೈಋತ್ಯದಿಂದ ಬರುವುದರಿಂದ ರಸ್ತೆಯ ಯಾವ ಬದಿಗೆ ನಿಲ್ಲಿಸುತ್ತೀರಿ ಅನ್ನೋದೂ ಲೆಕ್ಕಕ್ಕೆ ಬರುತ್ತೆ. ಇದಕ್ಕೆ ಒಂದೇ ಉತ್ತರ ಇಲ್ಲ. ಕನಿಷ್ಠ ಮೂರು ಸೆಕ್ಷನ್ ಬಿಡಿಸಿ, ಕೆಳಗಿನ ಗೆರೆ ಕಾಣುವ ತೆಳು ಬಟರ್ ಪೇಪರ್ ಒಂದರ ಮೇಲೆ ಒಂದು ಇಟ್ಟು, ಮೂರಕ್ಕೂ ಬೇಗ ಬೇಗ ರಟ್ಟಿನ ಮಾಡೆಲ್ ಮಾಡಿ. ಮೊದಲನೆಯದನ್ನೇ ಚೆಂದ ಮಾಡುತ್ತಾ ಕೂರಬೇಡಿ. ಪ್ಲಾನ್ ಈಗ ಬಿಡಿಸಿ, ಅರ್ಧ ಗಂಟೆಯಲ್ಲಿ ಮುಗಿಯುತ್ತೆ, ಯಾಕಂದರೆ ಏನು ಎಲ್ಲಿ ಬರಬೇಕು ಅಂತ ಸೆಕ್ಷನ್ ಆಗಲೇ ಹೇಳಿರುತ್ತೆ.

ಮಳೆಗಾಲದಲ್ಲಿ ಕೆಲಸ ಮಾಡುವವರಿಗೆ ಎರಡು ಮಾತು. ಫೆವಿಕಾಲ್ ಒಣಗಲು ಜಾಸ್ತಿ ಹೊತ್ತು ಬೇಕು, ತೆಳ್ಳಗೆ ಹಚ್ಚಿ ಮೇಲೆ ಪುಸ್ತಕ ಹೇರಿ, ಇಲ್ಲದಿದ್ದರೆ ಮೌಂಟ್ ಬೋರ್ಡ್ ಬಾಗುತ್ತೆ. ಹಾಳೆ ತೇವ ಎಳೆದುಕೊಳ್ಳುತ್ತೆ, ಒಲೆ ಇರುವ ಕೋಣೆಯ ಪಕ್ಕದಲ್ಲಿ, ಪ್ಲಾಸ್ಟಿಕ್ ಒಳಗೆ ಇಡಿ. ಕಟ್ಟರ್ ಬ್ಲೇಡ್ ಮೊಂಡಾದ ಕೂಡಲೇ ಮುರಿದು ಹೊಸ ತುದಿ ತೆಗೆಯಿರಿ, ಮೊಂಡು ಬ್ಲೇಡಿಗೆ ಒತ್ತಿದಾಗಲೇ ಕೈ ಕೊಯ್ಯುವುದು. ಕಂಪ್ಯೂಟರ್ ಸಾಫ್ಟ್‌ವೇರ್ ಕಲಿಯಿರಿ, ಬೇಡ ಅನ್ನಲ್ಲ. ಆದರೆ ಮೊದಲ ಆರು ತಿಂಗಳು ಕೈಯಲ್ಲೇ ಬಿಡಿಸಿ. ತೆರೆಯ ಮೇಲೆ ಎಷ್ಟು ಬೇಕಾದರೂ ಜೂಮ್ ಮಾಡಬಹುದು, ಆದ್ದರಿಂದ ಅಳತೆ ಮನಸ್ಸಿಗೆ ಇಳಿಯೋದಿಲ್ಲ.

ತಂಗುದಾಣದ ಸೆಕ್ಷನ್ ಒಂದು ನಿಮಗೆ ಇಷ್ಟ ಆಯಿತು ಅಂದ ಮೇಲೆ ಅಂಗಳದಲ್ಲಿ ನಾಲ್ಕು ಬಿದಿರು ನೆಟ್ಟು, ನೀವು ಬಿಡಿಸಿದ ಎತ್ತರಕ್ಕೇ ಟಾರ್ಪಲ್ ಕಟ್ಟಿ. ಮಳೆ ಬಂದ ದಿನ ಒಳಗೆ ಕುರ್ಚಿ ಹಾಕಿ ಕೂರಿ. ಮೊಣಕಾಲು ನೆನೆದರೆ ಹಿಂದೆ ಸರಿಯಿರಿ, ನೆನೆಯೋದು ನಿಂತ ಜಾಗದಲ್ಲಿ ಒಂದು ಕಲ್ಲಿಡಿ. ಸೂರಿನಿಂದ ಕಲ್ಲಿಗೆ ಎಷ್ಟಿದೆ ಅಳೆದು, ಸೆಕ್ಷನ್‌ನಲ್ಲಿ ಬೆಂಚನ್ನು ಅಲ್ಲಿಗೆ ಸರಿಸಿ.